ಒಂದೇ ಮತದಾರ, ಎರಡು ತೀರ್ಪು

1950ರ ಬ್ರಿಟನ್ ಚುನಾವಣೆಯ ಫಲಿತಾಂಶವನ್ನು ಬಿಬಿಸಿ ಮೊದಲ ಬಾರಿಗೆ ಟಿವಿಯಲ್ಲಿ ತೋರಿಸಿದ ರಾತ್ರಿ, ಅಂಕಿಗಳನ್ನು ಬಿಡಿಸಿ ಹೇಳಲು ಕೂತಿದ್ದ ಡೇವಿಡ್ ಬಟ್ಲರ್‌ಗೆ ಬರೀ 25 ವರ್ಷ. ಒಂದು ಪಕ್ಷದಿಂದ ಇನ್ನೊಂದಕ್ಕೆ ಎಷ್ಟು ಮತ ವಾಲಿತು ಎಂಬ ‘ಸ್ವಿಂಗ್’ ಲೆಕ್ಕವನ್ನು ನೋಡುಗರಿಗೆ ರೂಢಿಸಿದವರು ಅವರು. ಅದನ್ನು ತೋರಿಸಲು ಮುಂದೆ ಗಡಿಯಾರದ ಮುಳ್ಳಿನಂಥ ಸ್ವಿಂಗೊಮೀಟರ್ ಕೂಡ ಬಂತು. ಇದೇ ಬಟ್ಲರ್, ಪ್ರಣಯ್ ರಾಯ್ ಮತ್ತು ಅಶೋಕ್ ಲಾಹಿರಿ ಜೊತೆ ಸೇರಿ ಭಾರತದ ಚುನಾವಣೆಗಳ ಅಂಕಿಅಂಶಗಳ ಪುಸ್ತಕ ತಂದರು. ರಾಯ್ ಅವರ ಜೊತೆ ಆ ಲೆಕ್ಕ ದೂರದರ್ಶನಕ್ಕೂ ಬಂತು.

ಆದರೆ ಕರ್ನಾಟಕದಲ್ಲಿ ಆ ಮುಳ್ಳನ್ನು ಎಲ್ಲಿ ನಿಲ್ಲಿಸುವುದು? 1984ರ ಡಿಸೆಂಬರಿನಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾದವು. ಸೋಲಿನ ಹೊಣೆ ಹೊತ್ತು ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ವಿಧಾನಸಭೆಯ 224ರಲ್ಲಿ 139 ಸ್ಥಾನ ಜನತಾ ಪಕ್ಷಕ್ಕೆ! ನಡುವೆ ಕಳೆದದ್ದು ಮೂರು ತಿಂಗಳೂ ಅಲ್ಲ. ಮತದಾರ ವಾಲಿದ್ದಲ್ಲ, ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು ಎಂದು ಬೇರೆ ಬೇರೆ ಅಳೆದ. ಇಂದಿರಾ ಗಾಂಧಿಯವರ ಹತ್ಯೆಯ ನೋವೂ ಹೆಗಡೆಯವರ ಮೇಲಿನ ಮೆಚ್ಚುಗೆಯೂ ಒಂದೇ ಮನೆಯೊಳಗೆ ಇರಬಹುದಿತ್ತು.

ಉಗಾರ ಬುದ್ರುಕ ಸೇರಿರುವ ಚಿಕ್ಕೋಡಿ ಕ್ಷೇತ್ರ 1967ರಿಂದ ಬಿ. ಶಂಕರಾನಂದರನ್ನೇ ದಿಲ್ಲಿಗೆ ಕಳಿಸುತ್ತಿತ್ತು, 1984ರಲ್ಲೂ ಕಳಿಸಿತು. ಕೊನೆಗೆ 1996ರಲ್ಲಿ ಅದು ರತ್ನಮಾಲಾ ಸವಣೂರರನ್ನು ಆರಿಸಿತು. ಪಕ್ಕದ ಬೆಳಗಾವಿಯಲ್ಲಿ ಆ ವರ್ಷ ಕಣದಲ್ಲಿದ್ದವರು 456 ಮಂದಿ. ಎರಡು ಪಕ್ಷಗಳ ನಡುವೆ ತೂಗುವ ಮುಳ್ಳಿಗೆ ಅಲ್ಲಿ ಜಾಗವೇ ಇರಲಿಲ್ಲ.