ಅಮೆರಿಕಾದ ಆದಿಕಾಲದ ಚಿನ್ನದ ನಾಣ್ಯಗಳು: ಅಳಿವೂ ಬೆಲೆಯೂ

ನಾಣ್ಯದ ಬೆಲೆಯು ಅದರ ಲೋಹದಿಂದ ನಿರ್ಣಯವಾಗುವುದೆಂಬುದು ಸಾಮಾನ್ಯವಾದ ತಿಳಿವಳಿಕೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಆದಿಕಾಲದ ಚಿನ್ನದ ನಾಣ್ಯಗಳ ಚರಿತ್ರೆಯು ಈ ತಿಳಿವಳಿಕೆಯನ್ನು ಒರೆಗೆ ಹಚ್ಚುತ್ತದೆ. ಅವುಗಳಲ್ಲಿದ್ದ ಲೋಹದ ಬೆಲೆಯೇ ಅವುಗಳ ನಾಶಕ್ಕೆ ಹೇತುವಾಯಿತು; ಆ ನಾಶವೇ ಅಳಿದುಳಿದ ಕೆಲವಕ್ಕೆ ಲೋಹವನ್ನು ಮೀರಿದ ಬೆಲೆಯನ್ನು ತಂದುಕೊಟ್ಟಿತು.

೧೭೯೨ನೆಯ ಇಸವಿ ಏಪ್ರಿಲ್ ೨ರ ಶಾಸನದಿಂದ ಆ ದೇಶದ ಟಂಕಸಾಲೆಯು ಏರ್ಪಟ್ಟು, ಫಿಲಡೆಲ್ಫಿಯಾ ನಗರದಲ್ಲಿ ಕೆಲಸಕ್ಕೆ ತೊಡಗಿತು. ಹತ್ತು ಡಾಲರಿನ ಈಗಲ್, ಐದು ಡಾಲರಿನ ಅರ್ಧ ಈಗಲ್, ಎರಡೂವರೆ ಡಾಲರಿನ ಕಾಲು ಈಗಲ್ ಎಂದು ಚಿನ್ನದಲ್ಲಿ ಮೂರು ಬಗೆಯ ನಾಣ್ಯಗಳನ್ನು ಆ ಶಾಸನವು ವಿಧಿಸಿತು. ಅರ್ಧ ಈಗಲ್ಲಿನ ತೂಕ ೧೩೫ ಗ್ರೇನು. ಅದರಲ್ಲಿ ಅಪ್ಪಟ ಚಿನ್ನ ೧೨೩.೭೫ ಗ್ರೇನು. ಇವುಗಳಲ್ಲಿ ಮೊದಲು ಹೊರಬಿದ್ದುದು ಅರ್ಧ ಈಗಲ್ಲೇ; ಅದರ ಕಾಲ ೧೭೯೫ರ ಜುಲೈ.

ಶಾಸನವು ಒಂದು ತೂಕ ಚಿನ್ನಕ್ಕೆ ಹದಿನೈದು ತೂಕ ಬೆಳ್ಳಿ ಸಮವೆಂದು ಗೊತ್ತುಮಾಡಿತ್ತು. ಯೂರೋಪಿನಲ್ಲಿ ಚಿನ್ನಕ್ಕೆ ಇದಕ್ಕಿಂತ ಹೆಚ್ಚು ಬೆಳ್ಳಿ ದೊರೆಯುತ್ತಿತ್ತು; ಫ್ರಾನ್ಸ್ ದೇಶವು ೧೮೦೩ರಲ್ಲಿ ಹದಿನೈದೂವರೆಯ ಪ್ರಮಾಣವನ್ನು ನಿಯಮಿಸಿತು. ಆದಕಾರಣ ವರ್ತಕರು ಅಮೆರಿಕಾದ ಚಿನ್ನದ ನಾಣ್ಯಗಳನ್ನು ಹೊರದೇಶಗಳಿಗೆ ಸಾಗಿಸಿದರು; ಅವು ಮೂಸೆಯನ್ನು ಸೇರಿ ಗಟ್ಟಿಯಾದುವು. ೧೮೦೪ರ ಕೊನೆಗೆ ಚಲಾವಣೆಗಾಗಿ ಈಗಲ್ಲನ್ನು ಅಚ್ಚುಹಾಕುವುದೇ ನಿಂತು, ೧೮೩೮ರವರೆಗೆ ಪುನಃ ಆರಂಭವಾಗಲಿಲ್ಲ.

೧೮೩೪ರ ಶಾಸನವು ಅರ್ಧ ಈಗಲ್ಲಿನ ಅಪ್ಪಟ ಚಿನ್ನವನ್ನು ೧೧೬ ಗ್ರೇನಿಗೆ ಇಳಿಸಿತು. ಹೊಸ ನಾಣ್ಯಗಳು ಇದರಿಂದ ದೇಶದಲ್ಲಿ ನಿಂತುವು. ಆದರೆ ಹೊಸ ಲೆಕ್ಕದಂತೆ ಹಳೆಯ ಐದು ಡಾಲರಿನ ನಾಣ್ಯದೊಳಗೆ ಸುಮಾರು ಐದು ಡಾಲರು ಮೂವತ್ತಮೂರು ಸೆಂಟಿನ ಚಿನ್ನವಿದ್ದಿತು. ಅದನ್ನು ಮುಖಬೆಲೆಗೆ ಕೊಡುವವರಾರು? ಉಳಿದಿದ್ದವೂ ಮೂಸೆಯ ಪಾಲಾದುವು.

೧೮೨೨ರ ಅರ್ಧ ಈಗಲ್ಲು ಇದಕ್ಕೆ ಸ್ಪಷ್ಟವಾದ ನಿದರ್ಶನ. ಆ ವರ್ಷ ೧೭,೭೯೬ ಅರ್ಧ ಈಗಲ್ಲುಗಳು ಸಿದ್ಧವಾದುವೆಂದು ಟಂಕಸಾಲೆಯ ಲೆಕ್ಕವು ಹೇಳುತ್ತದೆ. ಆ ತೇದಿಯುಳ್ಳ ನಾಣ್ಯಗಳಲ್ಲಿ ಈಗ ತಿಳಿದಿರುವುವು ಮೂರೇ. ಎರಡು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿವೆ. ಮೂರನೆಯದು ಮಾತ್ರ ಸಂಗ್ರಾಹಕರ ಕೈಗೆ ನಿಲುಕುವಂಥದು. ಅದು ೧೯೮೨ರ ಹರಾಜಿನಲ್ಲಿ ೬,೮೭,೫೦೦ ಡಾಲರಿಗೂ, ೨೦೨೧ರ ಮಾರ್ಚಿಯಲ್ಲಿ ೮೪ ಲಕ್ಷ ಡಾಲರಿಗೂ ಮಾರಾಟವಾಯಿತು. ಈ ಎರಡನೆಯ ಹರಾಜಿನ ದಿನ ಅದರೊಳಗಿನ ಚಿನ್ನದ ಬೆಲೆ ೫೦೦ ಡಾಲರನ್ನೂ ಮುಟ್ಟುತ್ತಿರಲಿಲ್ಲ.

ಇದರಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಟಂಕಸಾಲೆಯ ಲೆಕ್ಕವು ಹುಟ್ಟಿದವುಗಳ ಗಣನೆಯೇ ಹೊರತು ಉಳಿದವುಗಳದಲ್ಲ. ಅದೊಂದನ್ನೇ ನಂಬಿ ನಾಣ್ಯದ ವಿರಳತೆಯನ್ನು ನಿರ್ಣಯಿಸುವುದು ಯುಕ್ತವಲ್ಲ. ಎರಡನೆಯದಾಗಿ, ನಾಣ್ಯವನ್ನು ಬರಿಯ ಲೋಹವೆಂದು ಎಣಿಸದವರ ಕೈ ಸೇರಿದುದರಿಂದಲೇ ಇಂಥವು ಬದುಕಿದುವು. ಈ ಭೇದವನ್ನು ಕಾಲಾಂತರದಲ್ಲಿ ಸರಕಾರವೂ ಅಂಗೀಕರಿಸಿತು. ೧೯೩೩ರ ಏಪ್ರಿಲ್ ೫ರಂದು ಅಧ್ಯಕ್ಷ ರೂಸ್‌ವೆಲ್ಟರು ಪ್ರಜೆಗಳು ತಮ್ಮಲ್ಲಿರುವ ಚಿನ್ನದ ನಾಣ್ಯಗಳನ್ನು ಒಪ್ಪಿಸಬೇಕೆಂದು ಆಜ್ಞೆಮಾಡಿದಾಗ, ಸಂಗ್ರಾಹಕರಲ್ಲಿ ವಿಶೇಷ ಬೆಲೆಯುಳ್ಳ ಅಪೂರ್ವ ನಾಣ್ಯಗಳಿಗೆ ವಿನಾಯಿತಿಯನ್ನು ಕೊಟ್ಟರು. ಹಿಂದೆ ಶಾಸನದ ಪ್ರಮಾಣವೇ ಮೂಸೆಗೆ ದೂಡಿದ ನಾಣ್ಯಗಳಲ್ಲಿ ಅಳಿದುಳಿದವನ್ನು ಈ ಸಲ ಶಾಸನವೇ ಕಾಪಾಡಿತು.