ಒಬ್ಬ ರೋಗಿ, ಎರಡು ಬಾಗಿಲು

ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಕ್ಷಯರೋಗಿಯು ತಿಳಿವಳಿಕೆಯಿಲ್ಲದೆ ಮನೆಯಲ್ಲೇ ಉಳಿಯುತ್ತಾನೆಂಬುದು ಆ ಕಾಲದ ನಂಬಿಕೆ. ಸಂಸ್ಥೆಯ ಡಿ. ಬ್ಯಾನರ್ಜಿ ಹಾಗೂ ಎಸ್. ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ಆ ನಂಬಿಕೆಯನ್ನು ಅಲುಗಿಸಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಬಂದವರನ್ನು ಗುರುತಿಸುವ ವ್ಯವಸ್ಥೆ ಅಲ್ಲಿರಲಿಲ್ಲ.

ಕಾಲು ಶತಮಾನದ ತರುವಾಯ ಇದೇ ಲೋಪ ಹೊಸ ರೂಪದಲ್ಲಿ ಮರುಕಳಿಸಿತು. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ಸಹೋದ್ಯೋಗಿಗಳು ಭಾರತದ ಮೊದಲ ಎಚ್.ಐ.ವಿ. ಸೋಂಕುಗಳನ್ನು ಪತ್ತೆಹಚ್ಚಿದರು. ಕ್ಷಯದ ರೋಗಾಣು ದೇಹದಲ್ಲಿ ಸುಪ್ತವಾಗಿರುವ ಸಾಮಾನ್ಯ ವ್ಯಕ್ತಿಗೆ ಇಡೀ ಜೀವಮಾನದಲ್ಲಿ ಕಾಯಿಲೆ ತಗಲುವ ಸಂಭವ ಶೇಕಡಾ 5ರಿಂದ 10. ಎಚ್.ಐ.ವಿ. ಸೋಂಕಿತರು ಚಿಕಿತ್ಸೆ ಪಡೆಯದಿದ್ದರೆ ಒಂದೊಂದು ವರ್ಷದಲ್ಲೇ ಸುಮಾರು ಅಷ್ಟು ಅಪಾಯ ಅವರಿಗಿರುತ್ತದೆ. ಅವರಲ್ಲಿ ಎಷ್ಟೋ ಜನರ ಕಫದಲ್ಲಿ ರೋಗಾಣು ಸೂಕ್ಷ್ಮದರ್ಶಕಕ್ಕೂ ಕಾಣದು.

ರೋಗಗಳೆರಡೂ ಒಂದೇ ದೇಹದಲ್ಲಿ ಕೈಜೋಡಿಸಿದ್ದಾಗ ಅವುಗಳ ವಿರುದ್ಧದ ಕಾರ್ಯಕ್ರಮಗಳು ಬೇರೆ ಬೇರೆಯಾಗಿಯೇ ನಡೆದವು. 1992ರಲ್ಲಿ ಏಡ್ಸ್ ನಿಯಂತ್ರಣಕ್ಕೆ, 1997ರಲ್ಲಿ ಪರಿಷ್ಕೃತ ಕ್ಷಯ ನಿಯಂತ್ರಣಕ್ಕೆ ಪ್ರತ್ಯೇಕ ರಾಷ್ಟ್ರೀಯ ಕಾರ್ಯಕ್ರಮಗಳು ರೂಪುಗೊಂಡವು. ಒಂದು ಕಡೆ ಪ್ರತಿ ರೋಗಿಯ ಹೆಸರು, ವಿಳಾಸ ದಾಖಲಾಗಬೇಕು. ಇನ್ನೊಂದು ಕಡೆ ಹೆಸರು ಗುಟ್ಟಾಗಿರಬೇಕು. ಕಳಂಕದ ಭೀತಿಯಿಂದ ನಡುಗುವ ರೋಗಿ ಮಾತ್ರ ಎರಡು ಬಾಗಿಲುಗಳ ನಡುವೆ ಅಲೆಯಬೇಕಾಯಿತು.

2001ರಲ್ಲಿ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಸಮನ್ವಯ ಆರಂಭವಾಯಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಂಟಿ ನೀತಿಯನ್ನು ಪ್ರಕಟಿಸಿತು. ಅದೇ ವರ್ಷ ಭಾರತದಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆಯೂ ಮೊದಲಾಯಿತು. ಆದರೂ ಔಷಧಗಳ ಪರಸ್ಪರ ಪರಿಣಾಮಕ್ಕೆ ಅಂಜಿ, ಕ್ಷಯ ಗುಣವಾದ ಮೇಲೆಯೇ ಎ.ಆರ್.ಟಿ. ಆರಂಭಿಸೋಣವೆಂದು ಅನೇಕ ವೈದ್ಯರು ಕಾಯುತ್ತಿದ್ದರು. ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವು ಈ ಸಂದೇಹವನ್ನು ಬಗೆಹರಿಸಿತು. ಎರಡು ಚಿಕಿತ್ಸೆಗಳನ್ನೂ ಜೊತೆಜೊತೆಯಾಗಿ ಪಡೆದವರಲ್ಲಿ ಸಾವಿನ ಪ್ರಮಾಣ ಶೇಕಡಾ 56ರಷ್ಟು ಕಡಿಮೆಯಾಗಿತ್ತು. ಕಾಯುವಿಕೆಯೇ ಹಲವರ ಪ್ರಾಣ ತೆಗೆದಿತ್ತು.

ಅನಂತರದ ವರ್ಷಗಳಲ್ಲಿ ಎ.ಆರ್.ಟಿ. ಕೇಂದ್ರಗಳಲ್ಲಿಯೇ ಕ್ಷಯದ ಮಾತ್ರೆಯನ್ನೂ ನೀಡುವ ಪದ್ಧತಿ ಬಂತು. ಮೇಜುಗಳು ಹತ್ತಿರವಾದವು, ಕಳಂಕ ಕರಗಿಸುವ ಕೆಲಸವನ್ನು ಯಾವ ಸುತ್ತೋಲೆಯೂ ಮಾಡಲಾರದು. ತುಮಕೂರಿನ ಹಳ್ಳಿಗರು ಅಂದೇ ಬಾಗಿಲು ತಟ್ಟಿದ್ದರು. ಒಳಗಿನವರು ಅವರ ಮುಖವನ್ನು ಗುರುತಿಸಿದರೇ ಎಂಬುದು ಇಂದು ನಮಗೂ ಉಳಿದಿರುವ ಪ್ರಶ್ನೆ.