ಹೊಸ್ತಿಲಲ್ಲಿ ನಿಂತ ನ್ಯಾಯವಾದಿ: ಕೊರ್ನೇಲಿಯಾ ಸೊರಾಬ್ಜಿ ಮತ್ತು ಖಾನಾಪುರದ ಒಂದು ಕಾಗದ

ಕೆಲವು ವರ್ಷಗಳ ಹಿಂದೆ ಲೋಂಡಾದಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಸಿದ್ದಿ ಸಮುದಾಯದ ಒಬ್ಬ ತಾಯಿ ಪ್ಲಾಸ್ಟಿಕ್ ಚೀಲದೊಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದು ನಮ್ಮ ಕೈಗಿತ್ತರು. ಅರಣ್ಯಹಕ್ಕಿಗಾಗಿ ಅವರ ಮನೆಯವರು ಸಲ್ಲಿಸಿದ್ದ ಅರ್ಜಿಗೆ ಬಂದ ಉತ್ತರ ಅದು. ಮನೆಯಲ್ಲಿ ಅವರದು ಕೊಂಕಣಿಗೆ ಹತ್ತಿರವಾದ ಸಿದ್ದಿ ಮಾತು, ಸಂತೆಯಲ್ಲಿ ಮರಾಠಿ. ಕಾಗದವೋ ಅಪ್ಪಟ ಕಚೇರಿ ಕನ್ನಡದ್ದು. ನಾವು ಓದಿ ಅರ್ಥ ಹೇಳಿದೆವು: ಎಪ್ಪತ್ತೈದು ವರ್ಷಗಳಿಂದ ಈ ಕಾಡಿನಲ್ಲೇ ಇದ್ದೀರೆಂಬುದಕ್ಕೆ ಆಧಾರ ಸಾಲದು, ಆದ್ದರಿಂದ ಅರ್ಜಿ ತಿರಸ್ಕೃತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಇದ್ದಳು ಅನ್ನೋದಕ್ಕೆ ಚೀಟಿ ಎಲ್ಲಿಂದ ತರೋದು ಫಾದರ್?" ಎಂದರು. ಹಳಿಯಾಳ ತಾಲ್ಲೂಕಿಗೆ ಮದುವೆಯಾಗಿ ಹೋದ ಅವರ ತಂಗಿಯ ಮನೆಯವರನ್ನು ಇಂಥ ಆಧಾರವನ್ನು ಯಾರೂ ಕೇಳಿರಲಿಲ್ಲ.

ಅಕ್ಕ ತಂಗಿಯರಲ್ಲಿ ಈ ಭೇದವೇಕೆಂದು ವಿಚಾರಿಸಿದಾಗ ತಿಳಿದದ್ದಿಷ್ಟು. 2006ರ ಅರಣ್ಯಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಭೂಮಿ ತಮ್ಮ ಸ್ವಾಧೀನದಲ್ಲಿತ್ತೆಂದು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ಸಾಬೀತುಪಡಿಸಬೇಕು. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರಾದರೂ ಆ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಉತ್ತರ ಕನ್ನಡ ಜಿಲ್ಲೆ ಎಂಬ ಕಂಸವಿತ್ತು. ಗೋವೆಯ ಪೋರ್ಚುಗೀಸರ ದಾಸ್ಯದಿಂದ ತಪ್ಪಿಸಿಕೊಂಡು ಘಟ್ಟವೇರಿದ ಆಫ್ರಿಕಾ ಮೂಲದ ಪೂರ್ವಿಕರಿಗೆ ಜಿಲ್ಲೆಯ ಗಡಿ ಎಲ್ಲಿಂದ ಗೊತ್ತಿರಬೇಕು? ಒಂದೇ ಮನೆತನದವರು ಹಳಿಯಾಳದಲ್ಲಿ ಬುಡಕಟ್ಟು, ಖಾನಾಪುರದಲ್ಲಿ ಅಲ್ಲ! ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳನ್ನು ಆ ಕಂಸದೊಳಗೆ ಸೇರಿಸಲು ಸಂಸತ್ತಿಗೆ 2020ರವರೆಗೆ ಸಮಯ ಬೇಕಾಯಿತು.

ಆ ಕಾಗದವನ್ನು ಹಿಡಿದು ಕುಳಿತಿದ್ದಾಗ ನಮಗೆ ನೆನಪಾದವರು ಕೊರ್ನೇಲಿಯಾ ಸೊರಾಬ್ಜಿ. ಅವರು ಬುಡಕಟ್ಟಿನವರಲ್ಲ, ಸಿದ್ದಿಗಳಿಗೂ ಅವರಿಗೂ ಯಾವ ನೇರ ಸಂಬಂಧವೂ ಇಲ್ಲ. ಅಂದಿನ ಮಿಷನ್ ವರದಿಗಳು ಬಿಳಿಯರಲ್ಲದ ಕ್ರೈಸ್ತರನ್ನೆಲ್ಲ ಕರೆಯುತ್ತಿದ್ದಂತೆ 'ನೇಟಿವ್' ಕ್ರೈಸ್ತರ ಮನೆಯ ಹೆಣ್ಣುಮಗಳು. ಆದರೆ ತನಗಾಗಿಯೇ ಬರೆದ ಕಾನೂನನ್ನು ತಾನೇ ಓದಲಾಗದ ಹೆಂಗಸಿನ ಪಕ್ಕದಲ್ಲಿ ಕುಳಿತುಕೊಳ್ಳುವುದನ್ನು ಜೀವನವೃತ್ತಿಯಾಗಿ ಮಾಡಿಕೊಂಡ ಭಾರತದ ಮೊದಲ ನ್ಯಾಯವಾದಿ ಅವರು. ಅವರ ಬಾಲ್ಯದ ಮೊದಲ ವರ್ಷಗಳು ಕಳೆದದ್ದು ನಮ್ಮ ಬೆಳಗಾವಿಯಲ್ಲಿ. ಈ ಮಾತನ್ನು ಬೆಳಗಾವಿಯ ಕ್ರೈಸ್ತರ ಮುಂದೆ ಹೇಳಿದಾಗಲೆಲ್ಲ ಕೇಳಿದವರು ಅಚ್ಚರಿಪಟ್ಟಿದ್ದಾರೆ.

ಕೊರ್ನೇಲಿಯಾ ಹುಟ್ಟಿದ್ದು 1866ರ ನವೆಂಬರ್ 15ರಂದು, ನಾಸಿಕದಲ್ಲಿ. ತಂದೆ ರೆವರೆಂಡ್ ಸೊರಾಬ್ಜಿ ಖರ್ಸೇಟ್‌ಜಿ ಪಾರ್ಸಿ ಮತದಿಂದ ಕ್ರೈಸ್ತ ವಿಶ್ವಾಸಕ್ಕೆ ಬಂದು ಆಂಗ್ಲಿಕನ್ ಮಿಷನ್ನಿನಲ್ಲಿ ದುಡಿದವರು. ತಾಯಿ ಫ್ರಾನ್ಸಿನಾ ಹನ್ನೆರಡನೆಯ ವಯಸ್ಸಿನಲ್ಲಿ ಇಂಗ್ಲಿಷ್ ದಂಪತಿಗಳಿಗೆ ದತ್ತು ಹೋಗಿ, ಮುಂದೆ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ಕಟ್ಟಿದವರು. ಕುಟುಂಬವು ಬೆಳಗಾವಿಯಲ್ಲಿದ್ದ ಕಾಲಕ್ಕೆ ಲೋಂಡಾ ಕಡೆಗೆ ರೈಲುಹಳಿ ಇನ್ನೂ ಬಂದಿರಲಿಲ್ಲ. ಇಂಥ ಮನೆಯ ಮಗಳು ಅತ್ತ ಪಾರ್ಸಿಗಳಿಗೆ ಹೊರಗಿನವಳು, ಇತ್ತ ಇಂಗ್ಲಿಷರಿಗೂ ಪೂರ್ತಿ ಒಳಗಿನವಳಲ್ಲ. ಮುಂದೆ ಅವರು ಹಿಂದೂ ಮುಸ್ಲಿಮ್ ಜನಾನಾಗಳ ಹೊಸ್ತಿಲನ್ನು ಅಷ್ಟು ನಿರಾಯಾಸವಾಗಿ ದಾಟಲು ಯಾವ ಮನೆಗೂ ಪೂರ್ಣವಾಗಿ ಸೇರದ ಈ ಸ್ಥಿತಿಯೇ ಸಹಾಯಕವಾಯಿತೆಂದು ನಮಗೆ ಅನಿಸುತ್ತದೆ.

ಪುಣೆಯ ಡೆಕ್ಕನ್ ಕಾಲೇಜಿನ ಮೊದಲ ವಿದ್ಯಾರ್ಥಿನಿಯಾಗಿ ಸೇರಿ ಪದವಿ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದರು. ಬಾಂಬೆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ ಎನಿಸಿದರು. ಆ ಅಂಕಗಳಿಗೆ ಇಂಗ್ಲೆಂಡಿನಲ್ಲಿ ಓದುವ ಸರ್ಕಾರಿ ವಿದ್ಯಾರ್ಥಿವೇತನ ಸಲ್ಲಬೇಕಿತ್ತು; ಹೆಣ್ಣೆಂಬ ಕಾರಣಕ್ಕೆ ಅದು ದಕ್ಕಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಬದಲಿಗೆ ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುವ ತಾತ್ಕಾಲಿಕ ಹುದ್ದೆ ದೊರೆಯಿತು. ಎದುರಿಗೆ ಕುಳಿತವರೆಲ್ಲ ಗಂಡಸರು, ಪಾಠ ಹೇಳುವವರಿಗೆ ಇಪ್ಪತ್ತೆರಡರ ಆಸುಪಾಸು. 1889ರಲ್ಲಿ ಇಂಗ್ಲೆಂಡಿನ ಹಿತೈಷಿಗಳು ಹಣ ಕೂಡಿಸಿ ಅವರನ್ನು ಆಕ್ಸ್‌ಫರ್ಡಿಗೆ ಕರೆಸಿಕೊಂಡರು. ಹಣ ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬರು. ಸಾಮರ್ವಿಲ್ ಕಾಲೇಜಿನಲ್ಲಿ ಓದಿದ ಕೊರ್ನೇಲಿಯಾ 1892ರಲ್ಲಿ ವಿಶ್ವವಿದ್ಯಾಲಯದ ವಿಶೇಷ ನಿರ್ಣಯದ ಮೇರೆಗೆ ಬಿ.ಸಿ.ಎಲ್. ಪರೀಕ್ಷೆಗೆ ಕುಳಿತ ಮೊದಲ ಮಹಿಳೆಯಾದರು. ಪರೀಕ್ಷೆ ತೇರ್ಗಡೆಯಾದರೂ ಪದವಿ ಕೈಗೆ ಬರಲು ಮೂವತ್ತು ವರ್ಷ ಕಾಯಬೇಕಾಯಿತು. ಹೆಂಗಸರಿಗೆ ಪದವಿ ನೀಡಲು ಆಕ್ಸ್‌ಫರ್ಡ್ ಮನಸ್ಸು ಮಾಡಿದ್ದೇ 1920ರಲ್ಲಿ.

ಊರಿಗೆ ಮರಳಿದ ಮೇಲೆ ಅವರು ಆರಿಸಿಕೊಂಡ ಕ್ಷೇತ್ರವನ್ನು ತುಸು ವಿವರವಾಗಿ ನೋಡಬೇಕು. ಗಂಡ ಸತ್ತ ಜಮೀನುದಾರ ಮನೆಗಳ ಪರ್ದಾನಶೀನ್ ಸ್ತ್ರೀಯರ ಹೆಸರಿನಲ್ಲಿ ಆಸ್ತಿ ಇರುತ್ತಿತ್ತು, ಹಕ್ಕೂ ಇರುತ್ತಿತ್ತು. ಆದರೆ ಬಂಧುಗಳಲ್ಲದ ಗಂಡಸರನ್ನು ಅವರು ಕಾಣುವಂತಿರಲಿಲ್ಲ. ಗುಮಾಸ್ತನೋ ಮೈದುನನೋ ಪರದೆಯ ಆಚೆಯಿಂದ ಚಾಚಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಕಾನೂನು ಇದನ್ನು ಅರಿಯದೆ ಇರಲಿಲ್ಲ. ಪರ್ದಾನಶೀನ್ ಸ್ತ್ರೀ ಬರೆದುಕೊಟ್ಟ ಪತ್ರ ಊರ್ಜಿತವಾಗಬೇಕಾದರೆ ಆಕೆ ಅದರ ಅರ್ಥವನ್ನು ತಿಳಿದೇ ಒಪ್ಪಿದಳೆಂದು ಅದರ ಲಾಭ ಪಡೆಯುವವನೇ ರುಜುವಾತು ಮಾಡಬೇಕು, ಆಕೆಗೆ ಸ್ವತಂತ್ರ ಸಲಹೆ ದೊರೆತಿತ್ತೇ ಎಂಬುದನ್ನೂ ನೋಡಬೇಕು ಎಂದು ಪ್ರಿವಿ ಕೌನ್ಸಿಲ್ ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿತ್ತು. ಒಳ್ಳೆಯ ನಿಯಮ. ಆದರೆ ಸ್ವತಂತ್ರ ಸಲಹೆ ಕೊಡಬಲ್ಲ ವಕೀಲರೆಲ್ಲ ಗಂಡಸರು, ಅವರನ್ನು ಆಕೆ ನೋಡುವಂತಿಲ್ಲ! ಕಾನೂನಿನ ಕರುಣೆ ಹೊಸ್ತಿಲ ತನಕ ಬಂದು ಅಲ್ಲಿಯೇ ನಿಂತಿತ್ತು.

ಕೊರ್ನೇಲಿಯಾ ಆ ಹೊಸ್ತಿಲನ್ನು ದಾಟಬಲ್ಲವರಾಗಿದ್ದರು. ಅವರಿಗೆ ಕಷ್ಟವಾದದ್ದು ಇನ್ನೊಂದು ಹೊಸ್ತಿಲು, ನ್ಯಾಯಾಲಯದ್ದು. 1897ರಲ್ಲಿ ಬಾಂಬೆಯ ಎಲ್‌ಎಲ್.ಬಿ., 1899ರಲ್ಲಿ ಅಲಹಾಬಾದ್ ಹೈಕೋರ್ಟಿನ ವಕೀಲಿ ಪರೀಕ್ಷೆ ಎರಡನ್ನೂ ಬರೆದರು. ಸನ್ನದು ಮಾತ್ರ ಸಿಗಲಿಲ್ಲ. ಕೆಲವು ಸಂಸ್ಥಾನಗಳಲ್ಲಿ ವಾದಿಸಲು ವಿಶೇಷ ಅನುಮತಿ ದೊರೆತಿತ್ತು. ಅಲ್ಲಿಯ ಒಂದು ಪ್ರಸಂಗವನ್ನು ಅವರೇ ಬರೆದುಕೊಂಡಿದ್ದಾರೆ. ಆನೆಯೊಂದಕ್ಕೆ ಬಿಟ್ಟುಕೊಟ್ಟಿದ್ದ ಕಬ್ಬಿನ ತೋಟವನ್ನು ಕಿತ್ತುಕೊಂಡಾಗ ಆನೆಯ ಪರವಾಗಿ ಅವರು ನಿಂತರು. ಉಯ್ಯಾಲೆಯ ಮೇಲೆ ಕುಳಿತಿದ್ದ ರಾಜ, ತನ್ನ ನಾಯಿಗೆ ಈ ವಕೀಲೆ ಮೆಚ್ಚಿಗೆಯಾದಳೆಂದು ವಾದವನ್ನು ಕೇಳದೆಯೇ ತೀರ್ಪನ್ನು ಅವರ ಕಡೆಗೆ ಕೊಟ್ಟುಬಿಟ್ಟ. ಓದುವಾಗ ನಗು ಬರುತ್ತದೆ. ಆದರೆ ನ್ಯಾಯವೆಂಬುದು ಅಧಿಕಾರಸ್ಥನ ಲಹರಿಯಾದರೆ ಗೆದ್ದವರಿಗೂ ಅದರಲ್ಲಿ ಗೌರವವಿಲ್ಲ.

1904ರಲ್ಲಿ ಬಂಗಾಳ ಸರ್ಕಾರ ಅವರನ್ನು ಕೋರ್ಟ್ ಆಫ್ ವಾರ್ಡ್ಸ್‌ಗೆ ಮಹಿಳಾ ಸಹಾಯಕಿಯಾಗಿ ನೇಮಿಸಿತು. ಬಂಗಾಳ, ಬಿಹಾರ, ಒಡಿಶಾ, ಅಸ್ಸಾಮುಗಳಲ್ಲಿ ಸುತ್ತಾಡಿ, ಸುಮಾರು ಇಪ್ಪತ್ತು ವರ್ಷಗಳಲ್ಲಿ 600ಕ್ಕೂ ಹೆಚ್ಚು ಸ್ತ್ರೀಯರಿಗೂ ಅನಾಥ ಮಕ್ಕಳಿಗೂ ನೆರವಾದರೆಂದು ಅಂದಾಜಿದೆ. ಅತ್ತ ನ್ಯಾಯಾಲಯದ ಬಾಗಿಲು ಮೆಲ್ಲನೆ ತೆರೆಯುತ್ತಿತ್ತು. 1916ರಲ್ಲಿ ರೆಜಿನಾ ಗುಹಾ ಅವರ ಅರ್ಜಿಯನ್ನು ತಳ್ಳಿಹಾಕಿದ ಕಲ್ಕತ್ತಾ ಹೈಕೋರ್ಟು, ವಕೀಲರ ಕಾಯಿದೆಯಲ್ಲಿರುವ 'ವ್ಯಕ್ತಿ' ಎಂಬ ಪದದಲ್ಲಿ ಹೆಂಗಸು ಸೇರುವುದಿಲ್ಲವೆಂದಿತು. 1921ರಲ್ಲಿ ಅಲಹಾಬಾದ್ ಹೈಕೋರ್ಟು ಕೊರ್ನೇಲಿಯಾರನ್ನು ವಕೀಲೆಯಾಗಿ ದಾಖಲಿಸಿಕೊಂಡಿತು; 1923ರ ಕಾಯಿದೆ ದೇಶದಾದ್ಯಂತ ಅಡ್ಡಿಯನ್ನು ತೆಗೆಯಿತು. 1924ರಲ್ಲಿ, ಐವತ್ತೇಳರ ವಯಸ್ಸಿನಲ್ಲಿ, ಅವರು ಕಲ್ಕತ್ತೆಯಲ್ಲಿ ವೃತ್ತಿಗಿಳಿದರು. ಅಲ್ಲಿಯೂ ಪುರುಷ ಸಹೋದ್ಯೋಗಿಗಳ ಅಸಡ್ಡೆಯಿಂದಾಗಿ ಎದ್ದು ನಿಂತು ವಾದಿಸುವುದಕ್ಕಿಂತ ಕುಳಿತು ಅಭಿಪ್ರಾಯ ಬರೆದುಕೊಡುವುದೇ ಹೆಚ್ಚಾಯಿತು.

ಅದೇ 1924ರ ಡಿಸೆಂಬರಿನಲ್ಲಿ, ಅವರು ಮಗುವಾಗಿ ಆಡಿದ ಬೆಳಗಾವಿಯಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಕೊರ್ನೇಲಿಯಾ ಆ ಚಳವಳಿಯ ವಿರೋಧಿ. ಬ್ರಿಟಿಷ್ ಆಳ್ವಿಕೆಯನ್ನು ಕಡೆಯತನಕ ಸಮರ್ಥಿಸಿದರು. 1927ರಲ್ಲಿ ಕ್ಯಾಥರೀನ್ ಮೇಯೊ ಭಾರತವನ್ನು ಹೀನಾಯವಾಗಿ ಚಿತ್ರಿಸಿ ಬರೆದ 'ಮದರ್ ಇಂಡಿಯಾ' ಗ್ರಂಥದ ಪಕ್ಷ ವಹಿಸಿ, ಜೊತೆಯಲ್ಲಿ ಸೇವೆ ಮಾಡುತ್ತಿದ್ದವರ ವಿಶ್ವಾಸವನ್ನೂ ಕಳೆದುಕೊಂಡರು. 1929ರಲ್ಲಿ ವೃತ್ತಿ ಬಿಟ್ಟು ಲಂಡನ್ನಿನಲ್ಲಿ ನೆಲೆಸಿ ಅಲ್ಲಿಯೇ 1954ರ ಜುಲೈ 6ರಂದು ತೀರಿಕೊಂಡರು. ಸ್ವತಂತ್ರ ಭಾರತ ಅವರನ್ನು ಮರೆತದ್ದರಲ್ಲಿ ಆಶ್ಚರ್ಯವಿಲ್ಲ.

ಕ್ರೈಸ್ತರಾದ ನಾವು ಇಂಥವರನ್ನು ಸ್ಮರಿಸುವಾಗ ರಾಜಕೀಯವನ್ನು ಮೆಲ್ಲಗೆ ಬದಿಗಿರಿಸಿ ಸೇವೆಯನ್ನಷ್ಟೇ ಹೊಗಳುವ ಅಭ್ಯಾಸವಿದೆ. ಅದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅವರ ಸೇವೆ ಮತ್ತು ರಾಜಕೀಯ ಎರಡರ ಬೇರೂ ಒಂದೇ: ಪರದೆಯ ಹಿಂದಿನ ಹೆಂಗಸಿಗೆ ರಕ್ಷಕರು ಬೇಕು, ಆಕೆ ತಾನೇ ಮಾತನಾಡುವ ಕಾಲ ಇನ್ನೂ ಬಂದಿಲ್ಲ ಎಂಬ ದೃಢ ನಂಬಿಕೆ. ಆಕೆಯ ಬಗ್ಗೆ ಅವರಿಗಿದ್ದ ಮಮತೆ ಅಪಾರ, ಭರವಸೆ ಮಾತ್ರ ಅಲ್ಪ. ದೇಶದ ಬಗ್ಗೆಯೂ ಅವರ ನಿಲುವು ಅದೇ ಆಗಿತ್ತು. ಯೊವಾನ್ನರ ಶುಭಸಂದೇಶದಲ್ಲಿ ಪವಿತ್ರಾತ್ಮರಿಗೆ ಬಳಸಿದ ಗ್ರೀಕ್ ಪದ 'ಪರಾಕ್ಲೇತೊಸ್'. ಪಕ್ಕಕ್ಕೆ ಕರೆಯಲ್ಪಟ್ಟವನು, ನ್ಯಾಯಸ್ಥಾನದಲ್ಲಿ ಜೊತೆಗೆ ನಿಲ್ಲುವವನು ಎಂದು ಅದರ ಅರ್ಥ. ಕರೆಯುವವರು ಯಾರೆಂಬುದು ಆ ಪದದಲ್ಲಿ ಮುಖ್ಯ. ಲೂಕರ ಶುಭಸಂದೇಶದ ವಿಧವೆಯ ಸಾಮತಿಯಲ್ಲಂತೂ ವಕೀಲನೇ ಇಲ್ಲ. ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ಬೇಡಿದವಳು ಆಕೆಯೇ.

ಕೊರ್ನೇಲಿಯಾರನ್ನು ಹೀಗೆ ಟೀಕಿಸುವ ನಮಗೂ ಒಂದು ಪಾಠ ಕಾದಿತ್ತು. ಅರಣ್ಯಹಕ್ಕಿನ ನಿಯಮಗಳನ್ನು ಓದಿದಾಗ, ಅರ್ಜಿದಾರರಲ್ಲದ ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯವೆಂದು ತಿಳಿಯಿತು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕೆಂದು ಕಾಯಿದೆಯೇ ಹೇಳುತ್ತದೆ. ಆ ತಾಯಿಗೆ ಇದನ್ನು ಅದುವರೆಗೆ ಯಾರೂ ತಿಳಿಸಿರಲಿಲ್ಲ. ಮರು ಅರ್ಜಿಗಾಗಿ ಪಕ್ಕದ ಹಾಡಿಯ ವೃದ್ಧೆಯೊಬ್ಬರ ಹೇಳಿಕೆಯನ್ನು ಬರೆದುಕೊಳ್ಳಲು ಹೋದೆವು. ಅವರು ಹೇಳುತ್ತಾ ಹೋದಂತೆ ನಾವು ಅದನ್ನು ಕಚೇರಿಗೆ ಒಪ್ಪುವ ಭಾಷೆಗೆ ಇಳಿಸುತ್ತಾ ಹೋದೆವು. ಮುಗಿದ ಮೇಲೆ ಓದಿ ಹೇಳಿರೆಂದರು. ಓದಿದೆವು. "ನಾನು ಹಂಗೆ ಹೇಳಲಿಲ್ಲ ಫಾದರ್. ಹಲಸಿನ ಮರ ಎಲ್ಲಿ ಹೋಯ್ತು?" ಎಂದು ಕೇಳಿದರು. ಅರ್ಜಿದಾರ ತಾಯಿಯ ಅಜ್ಜಿ ನೆಟ್ಟ ಹಲಸಿನ ಮರ, ಅದರ ಬುಡದಲ್ಲಿ ಹೂತ ಕೂಸು, ಮಳೆಗೆ ಬಿದ್ದ ಗೋಡೆಯನ್ನು ಮತ್ತೆ ಎತ್ತಿದ ವರ್ಷ, ಇವೆಲ್ಲ ಅನವಶ್ಯಕವೆಂದು ನಾವು ಬಿಟ್ಟಿದ್ದೆವು. ಸ್ಥಳಪರಿಶೀಲನೆಗೆ ಬರುವವರಿಗೆ ತೋರಿಸಲು ಅಲ್ಲಿ ಉಳಿದಿದ್ದ ಗುರುತುಗಳೇ ಅವು.

ಹಾಳೆಯನ್ನು ಹರಿದು ಮೊದಲಿನಿಂದ ಬರೆದೆವು, ಅವರು ಹೇಳಿದ ಕ್ರಮದಲ್ಲಿಯೇ. ಎರಡನೆಯ ಸಲ ಓದಿಸಿಕೊಂಡು, ಒಂದು ಕಡೆ ಊರಿನ ಹೆಸರನ್ನು ತಿದ್ದಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿದರು.